ಕೆಂಪು ಶಾಯಿಯ ಸಾಲು

ಫೆಬ್ರವರಿ ಹನ್ನೊಂದು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಪತ್ರವ್ಯವಹಾರ ತರಬೇತಿ ಕೇಂದ್ರದ ಸೂಚನಾ ಫಲಕಕ್ಕೆ ಒಂದು ಕಾಗದವನ್ನು ಅಂಟಿಸಲಾಯಿತು. ಅಂಟಿಸಿದವರು ಯಾರೆಂಬುದನ್ನೂ ಹೇಳಿಬಿಡುವುದು ನ್ಯಾಯ: ವ್ಯವಸ್ಥಾಪಕರ ಅಪ್ಪಣೆಯಂತೆ ಟೈಪಿಸ್ಟ್ ಹುಡುಗಿ ಅಂಟಿಸಿದಳು. ಕಾಗದದಲ್ಲಿದ್ದದ್ದು ನಾಲ್ಕೇ ನಾಲ್ಕು ಇಂಗ್ಲಿಷ್ ವಾಕ್ಯ. ಬೀಗದ ಕೈಗಳನ್ನು ನೋಡಿಕೊಳ್ಳಲಾಗಿಲ್ಲ. ಎರಡನೆಯ ಮಹಡಿಯ ನಲ್ಲಿಯನ್ನು ತೆರೆದು ಬಿಡಲಾಗಿದೆ. ವಿಷಯವನ್ನು ವಿಚಾರಿಸಲಾಗಿದೆ. ಅಟೆಂಡರನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಆಕ್ಷೇಪಣೆ ಇದ್ದಲ್ಲಿ ಇಪ್ಪತ್ತನೆಯ ತಾರೀಖಿನೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದಿತ್ತು.

ಹತ್ತೊಂಬತ್ತು ವರ್ಷ ಆ ಕಟ್ಟಡದ ಒಂದೊಂದು ಬಾಗಿಲನ್ನೂ ತೆರೆದು ಮುಚ್ಚಿದ ಹೆಂಗಸಿನ ಅನ್ನವನ್ನು ನಾಲ್ಕು ವಾಕ್ಯಗಳು ಕಿತ್ತುಕೊಂಡವು. ನಾಲ್ಕರಲ್ಲಿ ಒಂದರಲ್ಲೂ ಮಾಡಿದವರ ಹೆಸರಿರಲಿಲ್ಲ.

ಎರಡು ಗಂಟೆಗೆ ಬಂದ ಇಂಗ್ಲಿಷ್ ಮೇಷ್ಟ್ರು ಆ ಕಾಗದವನ್ನು ಮೂರು ಸಲ ಓದಿದರು. ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನಿಗೆ ಕೈ ಹೋಯಿತು. ಆದರೆ ತಿದ್ದುವುದಕ್ಕೆ ಒಂದು ತಪ್ಪೂ ಸಿಗಲಿಲ್ಲ. ಲುಕ್ಡ್ ಪಕ್ಕದಲ್ಲಿ ಆಫ್ಟರ್ ಇತ್ತು, ಲೆಫ್ಟ್ ಪಕ್ಕದಲ್ಲಿ ಆನ್ ಇತ್ತು, ಲೇಡ್ ಪಕ್ಕದಲ್ಲಿ ಆಫ್ ಇತ್ತು. ಟೈಪಿಸ್ಟ್ ಹುಡುಗಿ ಅವರದೇ ಶಿಷ್ಯೆ, ಪಾಠ ಚೆನ್ನಾಗಿ ಕಲಿತಿದ್ದಳು. ಅದೇ ಅವರ ಹೊಟ್ಟೆ ಉರಿಸಿತು.

ಈ ಮೇಷ್ಟ್ರು ಮೂವತ್ತನಾಲ್ಕು ವರ್ಷ ಒಂದು ದೊಡ್ಡ ಕಚೇರಿಯ ಪತ್ರವ್ಯವಹಾರ ವಿಭಾಗದಲ್ಲಿ ಕರಡು ಬರೆದು ನಿವೃತ್ತರಾದವರು. ಹನ್ನೊಂದು ವರ್ಷಗಳಿಂದ ತರಬೇತಿ ಕೇಂದ್ರದಲ್ಲಿ ನಾಲ್ಕರಿಂದ ಐದೂವರೆಯವರೆಗೆ, ಹೊಟ್ಟೆಪಾಡಿನ ಕೆಲಸ ಮುಗಿಸಿ ಬರುವ ದೊಡ್ಡವರಿಗೆ ಇಂಗ್ಲಿಷ್ ಕಾಗದ ಬರೆಯುವುದನ್ನು ಕಲಿಸುತ್ತಿದ್ದರು. ಬಸ್ ಕಂಡಕ್ಟರ್, ಲಿಫ್ಟ್ ನಡೆಸುವವನು, ಔಷಧಿ ಅಂಗಡಿಯ ಅಕ್ಕ, ಎಲ್ಲ ಸೇರಿ ಇಪ್ಪತ್ತಮೂರು ಜನ. ಅವರೆಲ್ಲ ಬೆನ್ನ ಹಿಂದೆ ಇವರನ್ನು ಕರೆಯುತ್ತಿದ್ದದ್ದು 'ಯಾರಿಂದ ಮೇಷ್ಟ್ರು' ಎಂದು. ಮೇಷ್ಟ್ರಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಆ ಹೆಸರಿಗೆ ಒಂದು ಹಿನ್ನೆಲೆಯಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅವರು ಬರೆದ ಒಂದು ಕರಡಿನಲ್ಲಿ 'ನಿಮ್ಮ ಅರ್ಜಿಯನ್ನು ತಳ್ಳಿಹಾಕಲಾಗಿದೆ' ಎಂದಿತ್ತು. ಟರ್ನ್ಡ್ ಡೌನ್. ಗಂಡ ತೀರಿಕೊಂಡ ಮೇಲೆ ಮನೆಯ ದಾಖಲೆಯಲ್ಲಿ ತನ್ನ ಹೆಸರು ಸೇರಿಸಿ ಎಂದು ಒಬ್ಬ ಹೆಂಗಸು ಕೊಟ್ಟಿದ್ದ ಅರ್ಜಿ ಅದು. ಆಕೆ ಕಾಗದ ಹಿಡಿದು ಬಂದು, ಒಂದೊಂದೇ ಮೇಜಿನ ಮುಂದೆ ನಿಂತು, "ಇದನ್ನ ತಳ್ಳಿಹಾಕಿದ್ದು ಯಾರು ಸ್ವಾಮಿ?" ಎಂದು ಕೇಳಿದಳು. ಒಂಬತ್ತು ಮೇಜಿನವರೂ ತಮಗೆ ಗೊತ್ತಿಲ್ಲ ಎಂದರು. ಹತ್ತನೆಯ ಮೇಜು ಇವರದು. ಕೈಬರಹ ಇವರದು, ಶಿಫಾರಸೂ ಇವರದೇ. ಇವರೂ ಗೊತ್ತಿಲ್ಲ ಎಂದರು. ಆಕೆ ಮೆಟ್ಟಿಲಿಳಿದು ಹೋದದ್ದನ್ನು ಕಿಟಕಿಯಿಂದ ನೋಡಿದರು. ಅಂದಿನಿಂದ, ಮಾಡಿದವರ ಹೆಸರಿಲ್ಲದ ವಾಕ್ಯವನ್ನು ಕಂಡರೆ ಅವರಿಗೆ ಬೀಗ ಒಡೆದ ಮನೆಯನ್ನು ಕಂಡಷ್ಟೇ ಗುಮಾನಿ.

ಮನೆಯಲ್ಲೂ ಇದು ತಪ್ಪುತ್ತಿರಲಿಲ್ಲ. ಲೋಟ ಒಡೀತು ಎಂದರೆ ಯಾರಿಂದ, ಪೇಪರ್ ಹರಿದಿದೆ ಎಂದರೆ ಯಾರಿಂದ. ಒಂದು ದಿನ ಅವರ ಹೆಂಡತಿ ರೋಸಿಹೋಗಿ ಕೇಳಿದ್ದರು: "ರೀ, ಹಾಲು ಉಕ್ಕಿಹೋಯ್ತು. ಯಾರಿಂದ ಅಂತ ಕೇಳ್ತೀರಾ?"

"ಕೇಳಲ್ಲ ಕಣೆ. ಬಾಯ್ಲ್ಡ್ ಓವರ್. ಅದು ತಾನಾಗೇ ಆಗೋ ಕೆಲಸ, ಅದನ್ನ ಕರ್ಮಣಿ ಪ್ರಯೋಗಕ್ಕೆ ತಿರುಗಿಸೋಕೇ ಬರಲ್ಲ." ಎರಡು ಹೆಜ್ಜೆ ಹೋದವರು ತಿರುಗಿ ನಿಂತು, "ಉರಿ ದೊಡ್ಡದು ಮಾಡಿ ಹಿತ್ತಲಿಗೆ ಹೋದೋರು ಯಾರು ಅನ್ನೋದು ಬೇರೆ ಪ್ರಶ್ನೆ" ಎಂದಿದ್ದರು.

ಪಾಠ ಹೇಳುವ ಕ್ರಮವೂ ಅವರದೇ. ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳ ಬೆನ್ನಿಗೆ ಒಂದು ಪುಟ್ಟ ಪದ ಅಂಟಿಕೊಂಡಿರುತ್ತದೆ. ವಾಕ್ಯವನ್ನು ಕರ್ಮಣಿಗೆ ಹೊರಳಿಸಿದಾಗ ಆ ಪುಟ್ಟ ಪದ ಕೆಳಗೆ ಬಿದ್ದುಹೋಗಬಾರದು. ಲಿಫ್ಟಿನವನು ಒಮ್ಮೆ, ಮಗುವನ್ನು ಅಜ್ಜಿ ನೋಡಿಕೊಂಡರು ಎನ್ನುವುದಕ್ಕೆ, 'ದಿ ಬೇಬಿ ವಾಸ್ ಲುಕ್ಡ್ ಬೈ ಗ್ರ್ಯಾಂಡ್‌ಮದರ್' ಎಂದು ಬರೆದ.

"ಅಲ್ಲಯ್ಯಾ, ನಿಮ್ಮಜ್ಜಿ ಮಗೂನ ಬರೀ ನೋಡಿದ್ರಾ? ಎತ್ಕೊಳ್ಳಲಿಲ್ವಾ?"

"ಎತ್ಕೊಂಡ್ರು ಸಾರ್, ಉಣಿಸಿದ್ರು, ಮಲಗಿಸಿದ್ರು."

"ಹಾಗಾದ್ರೆ ಆಫ್ಟರ್ ಎಲ್ಲಿ? ನೋಡೋದು ಬೇರೆ, ನೋಡಿಕೊಳ್ಳೋದು ಬೇರೆ. ಬಾಲ ಕತ್ತರಿಸಿದ್ರೆ ಅಜ್ಜಿ ದೂರ ನಿಂತು ಸುಮ್ಮನೆ ನೋಡ್ತಾ ಇದ್ರು ಅಂತಾಗುತ್ತೆ. ಪಾಪ, ಆ ಮುದುಕಿ ಮೇಲೆ ಯಾಕಯ್ಯಾ ಅಪವಾದ?"

ತರಗತಿ ನಕ್ಕು ಹಗುರಾಯಿತು. ಲಿಫ್ಟಿನವನು ಆ ತಪ್ಪನ್ನು ಮತ್ತೆ ಮಾಡಲಿಲ್ಲ.

ಅಚ್ಚಾದ ಪುಸ್ತಕದ ಉದಾಹರಣೆಗಳ ಮೇಲೆ ಮೇಷ್ಟ್ರಿಗೆ ನಂಬಿಕೆಯಿರಲಿಲ್ಲ. ಆ ವಾಕ್ಯಗಳಲ್ಲಿ ನಡೆದ ಸಂಗತಿಗಳು ಎಲ್ಲಿಯೂ ನಡೆದಿರುವುದಿಲ್ಲ ಎಂಬುದು ಅವರ ಆಕ್ಷೇಪ. ಆದ್ದರಿಂದ ಅವರು ಎರಡು ಗಂಟೆಗೇ ಬಂದು, ಮೊದಲ ಮಹಡಿಯ ಮೆಟ್ಟಿಲ ತಿರುವಿನ ಬೆಂಚಿನ ಮೇಲೆ ಕುಳಿತು, ಆ ದಿನ ಆ ಕಟ್ಟಡದಲ್ಲಿ ಕಣ್ಣಾರೆ ಕಂಡದ್ದರಿಂದಲೇ ಐದು ವಾಕ್ಯ ಮಾಡಿ, ಗಂಟೆ ನಿಮಿಷದ ಸಮೇತ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನೀಲಿ ಶಾಯಿಯಿಂದ ಬರೆದುಕೊಳ್ಳುತ್ತಿದ್ದರು. ಸಭೆ ಮುಂದೂಡಲಾಯಿತು, ದೀಪ ಆರಿಸಲಾಯಿತು, ಹೀಗೆ. ಪ್ರತಿ ವಾಕ್ಯದ ಕೆಳಗೆ ಒಂದು ಖಾಲಿ ಸಾಲು. ಪಾಠ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಆ ಕೆಲಸ ಯಾರಿಂದ ಆಯಿತೆಂದು ಪತ್ತೆಹಚ್ಚಿ ಹೇಳಬೇಕು, ಮೇಷ್ಟ್ರು ಒಪ್ಪಿದ ಮೇಲೆ ಎಲ್ಲರೂ ಆ ಸಾಲನ್ನು ಕೆಂಪು ಶಾಯಿಯಿಂದ ತುಂಬಬೇಕು. ಕೆಂಪು ಸಾಲು ಬೀಳದ ವಾಕ್ಯಕ್ಕೆ ಅಂಕವಿಲ್ಲ. ಹೀಗೆ ತುಂಬಿದ ಪುಸ್ತಕಗಳು ನಲವತ್ತು. ಆಗ ನಡೆಯುತ್ತಿದ್ದದ್ದು ನಲವತ್ತೊಂದನೆಯದು. ಎಲ್ಲವೂ ತರಗತಿಯ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು.

ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಅಟೆಂಡರ್ ಹೆಂಗಸನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ನಡೆದ ಸಂಗತಿ ಇಷ್ಟು. ಫೆಬ್ರವರಿ ಆರು, ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಮೆಟ್ಟಿಲ ತಿರುವಿನಲ್ಲಿ, ಮೇಷ್ಟ್ರ ಬೆಂಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ವ್ಯವಸ್ಥಾಪಕರು ಬೀಗದಕ್ಕನ ಕೈಯಿಂದ ಆ ಗೊಂಚಲನ್ನು ಇಸಕೊಂಡರು. ಒಂದು ಕಟ್ಟು ಲಕೋಟೆ ಕೊಟ್ಟು ಆಕೆಯನ್ನು ಅಂಚೆ ಕಚೇರಿಗೆ ಕಳುಹಿಸಿದರು. ತಾವು ಮೇಲಿನ ಮಹಡಿಗೆ ಹತ್ತಿ ಹೋದರು. ಆ ದಿನ ಬೆಳಗಿನಿಂದ ಕಟ್ಟಡದಲ್ಲಿ ನೀರಿರಲಿಲ್ಲ. ಶನಿವಾರ ಬೆಳಿಗ್ಗೆ ನೋಡಿದರೆ ಎರಡನೆಯ ಮಹಡಿಯ ಕೈತೊಳೆಯುವ ಕೋಣೆಯ ನಲ್ಲಿ ಪೂರ್ತಿ ತಿರುವಿದ ಸ್ಥಿತಿಯಲ್ಲಿ ಸುರಿಯುತ್ತಿತ್ತು; ಪಕ್ಕದ ದಾಖಲೆ ಕೋಣೆಯಲ್ಲಿ ಹದಿನೆಂಟು ವರ್ಷದ ಪರೀಕ್ಷಾ ದಾಖಲೆಗಳು ಮುದ್ದೆಯಾಗಿದ್ದವು. ನೀರಿಲ್ಲದ ಹೊತ್ತಿನಲ್ಲಿ ಯಾರೋ ನಲ್ಲಿ ತಿರುವಿ, ಬರಲಿಲ್ಲವೆಂದು ಹಾಗೆಯೇ ಬಿಟ್ಟು ಹೋಗಿದ್ದರು. ಆ ಎರಡು ಕೋಣೆಗಳಿಗೂ ಮುಂದೆ ಒಂದೇ ಬಾಗಿಲು, ಅದಕ್ಕೆ ಒಂದೇ ಬೀಗ.

ಬುಧವಾರ ತರಗತಿಗೆ ಮುಂಚೆ ಮೇಷ್ಟ್ರು ಬೀಗದಕ್ಕನನ್ನು ಹುಡುಕಿಕೊಂಡು ಹೋದರು. ಆಕೆ ತನ್ನ ಟಿಫನ್ ಡಬ್ಬಿ, ಒಂದು ಹಳೆಯ ಛತ್ರಿ, ಒಂದು ಜೊತೆ ಚಪ್ಪಲಿಯನ್ನು ಕೈಚೀಲಕ್ಕೆ ತುಂಬುತ್ತಿದ್ದಳು.

"ಆರು ಗಂಟೆಗೆ ಗೊಂಚಲು ಒಪ್ಪಿಸಿ ಹೋಗ್ಬೇಕಂತೆ ಮೇಷ್ಟ್ರೇ. ಅವತ್ತು ಅಂಚೆಯಿಂದ ವಾಪಸ್ ಬಂದು ಕೇಳ್ದೆ, ಬೆಳಿಗ್ಗೆ ತಗೋ ಹೋಗು ಅಂದ್ರು. ಬೆಳಿಗ್ಗೆ ನನ್ನ ಮೇಜಿನ ಮೇಲಿತ್ತು. ಇದನ್ನ ಹೇಳಿದ್ರೆ ಸಾಕ್ಷಿ ಎಲ್ಲಿ ಅಂತಾರೆ."

"ಸಾಕ್ಷಿ ನನ್ನ ಬೀರುವಲ್ಲಿದೆ ಅಕ್ಕ. ನಲವತ್ತೊಂದನೇ ಪುಸ್ತಕ, ಆರನೇ ತಾರೀಖು, ಮೂರನೇ ವಾಕ್ಯ. ದಿ ಕೀಸ್ ವರ್ ಹ್ಯಾಂಡೆಡ್ ಓವರ್, ಅಂದ್ರೆ ಕೈಗಳನ್ನ ಒಪ್ಪಿಸಲಾಯ್ತು. ಯಾರು ಇಸಕೊಂಡ್ರು ಅಂತ ಕೆಳಗೆ ಕೆಂಪಕ್ಷರದಲ್ಲಿರುತ್ತೆ. ನಾಳೆ ತೆಗೆದು ಕೈಗೇ ಕೊಡ್ತೀನಿ, ಹೆದರಬೇಡಿ."

ಆಕೆ ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಗುರುವಾರ ಮೇಷ್ಟ್ರು ಬೀರು ತೆರೆದಾಗ ನಲವತ್ತು ಪುಸ್ತಕಗಳಿದ್ದವು. ನಲವತ್ತೊಂದನೆಯದು ಇರಲಿಲ್ಲ. ಬೀಗ ಸರಿಯಾಗಿಯೇ ಇತ್ತು, ಒಂದು ಗೀರು ಕೂಡ ಬಿದ್ದಿರಲಿಲ್ಲ. ಕದ್ದವರ ಹತ್ತಿರ ಬೀಗದ ಕೈ ಇತ್ತೆಂದಾಯಿತು; ಮೇಷ್ಟ್ರ ಜೇಬಿನದನ್ನು ಬಿಟ್ಟರೆ ಇನ್ನೊಂದು ಕೈ ಇದ್ದದ್ದು ಗೊಂಚಲಿನಲ್ಲಿ. ಗೊಂಚಲು ಈಗ ಯಾರ ಹತ್ತಿರವಿದೆ? ವ್ಯವಸ್ಥಾಪಕರ ಹತ್ತಿರ. ಮೇಷ್ಟ್ರ ತಲೆಯೊಳಗೆ ಲೆಕ್ಕ ಕೂಡಿತು.

ಆದರೂ ಅವರು ಒಬ್ಬರ ಮೇಲೆಯೇ ಅನುಮಾನ ನಿಲ್ಲಿಸುವ ಪೈಕಿಯಲ್ಲ. ಬೀರುವಿದ್ದ ಗೋಡೆಯ ಆಚೆಗೇ ಟೈಪಿಸ್ಟಿನ ಮೇಜಿತ್ತು.

"ನೀನು ನಿನ್ನೆ ಎಷ್ಟು ಗಂಟೆಗೆ ಹೋದೆ?"

"ಐದೂವರೆಗೆ ಸಾರ್."

"ಕರೆಕ್ಟಾಗಿ ಐದೂವರೆನಾ?"

"ಐದೂವರೆ ಆಗಿ ಎರಡೋ ಮೂರೋ ನಿಮಿಷ. ಸಾರ್, ನಿಮ್ಮ ಪುಸ್ತಕ ತಗೊಂಡು ನಾನೇನು ಮಾಡ್ಲಿ? ಅದರ ಒಳಗಿರೋದೆಲ್ಲ ನನ್ನ ತಲೆಯೊಳಗೆ ಇದೆ, ನೀವೇ ತುಂಬಿಸಿದ್ದೀರಲ್ಲ."

ಮೇಷ್ಟ್ರು ಎರಡೋ ಮೂರೋ ಎಂಬುದನ್ನು ಬರೆದುಕೊಂಡರು. ಮನೆಗೆ ಹೋಗಿ ಹೆಂಡತಿಯನ್ನೂ ವಿಚಾರಿಸಿದರು. ಏಕೆಂದರೆ ಪುಸ್ತಕವನ್ನು ತಾವೇ ಮನೆಗೆ ತಂದಿದ್ದು, ಅದು ಹಳೇ ಪೇಪರಿನವನ ತಕ್ಕಡಿಗೆ ಹೋಗಿದ್ದರೆ?

"ಹೌದ್ರೀ, ನಾನೇ ಹಾಕ್ದೆ" ಎಂದರು ಹೆಂಡತಿ. "ನಿಮ್ಮನ್ನೂ ಹಾಕೋಣ ಅಂತಿದ್ದೆ, ತಕ್ಕಡಿ ಚಿಕ್ಕದಾಯ್ತು."

ಶುಕ್ರವಾರ ಅವರು ವಿದ್ಯಾರ್ಥಿಗಳ ಕಡೆಗೆ ತಿರುಗಿದರು. ಮೂಲ ಹೋದರೆ ನಕಲು ಇರಬೇಕಲ್ಲ? ಮೊದಲು ಲಿಫ್ಟಿನವನ ನೋಟ್‌ಬುಕ್ ತೆರೆದರು. ಆರನೆಯ ತಾರೀಖು, ಮೂರನೆಯ ವಾಕ್ಯ, ನೀಲಿ ಅಕ್ಷರ ಮುತ್ತಿನಂತಿತ್ತು. ಅದರ ಕೆಳಗಿನ ಸಾಲು ಖಾಲಿ. ಸೋಮಾರಿ ಎಂದು ಬೈದು, ಔಷಧಿ ಅಂಗಡಿಯ ಅಕ್ಕನದನ್ನು ತೆರೆದರು. ಖಾಲಿ. ಹಿಂದಿನ ಪುಟದಲ್ಲೂ ಮುಂದಿನ ಪುಟದಲ್ಲೂ ಕೆಂಪು ಇತ್ತು, ಅಲ್ಲಿ ಮಾತ್ರ ಇರಲಿಲ್ಲ.

"ಇಬ್ಬರಿಗೂ ಒಂದೇ ದಿನ ಕೆಂಪು ಶಾಯಿ ಮುಗೀತಾ?" ಮೇಷ್ಟ್ರು ಪುಸ್ತಕವನ್ನು ಮೇಜಿಗೆ ಕುಕ್ಕಿದರು. "ವ್ಯವಸ್ಥಾಪಕರು ಏನು ಹೇಳಿದ್ರು ನಿಮಗೆ? ಹೆದರಿಸಿದ್ರಾ? ಸರ್ಟಿಫಿಕೇಟ್ ಕೊಡಲ್ಲ ಅಂದ್ರಾ?"

ಹಿಂದಿನ ಸಾಲಿನಿಂದ ಕಂಡಕ್ಟರ್ ಎದ್ದು ನಿಂತ. ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳವಾಡುವ ಗಂಟಲು ಅಂದು ಸಣ್ಣಗಾಗಿತ್ತು. "ಸಾರ್, ಅವತ್ತು ನೀವೇ..."

"ಕೂತ್ಕೊ! ನಿನ್ನನ್ನ ಕೇಳಿಲ್ಲ."

ಅವನು ಕುಳಿತ. ಇಪ್ಪತ್ತಮೂರು ಜನ ತಮ್ಮ ತಮ್ಮ ಮೇಜನ್ನು ನೋಡಿಕೊಂಡರು. ವ್ಯವಸ್ಥಾಪಕರು ಇಡೀ ತರಗತಿಯನ್ನೇ ಒಳಗೆ ಹಾಕಿಕೊಂಡಿದ್ದಾರೆ ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು.

ಸೋಮವಾರ ಅವರು ನೇರವಾಗಿ ವ್ಯವಸ್ಥಾಪಕರ ಕೋಣೆಗೆ ನುಗ್ಗಿದರು. ಗಾಜಿನ ಮೇಜಿನ ಮೇಲೆ ಗೊಂಚಲು ಬಿದ್ದುಕೊಂಡಿತ್ತು.

"ನನ್ನ ಬೀರುವಿನಿಂದ ಪುಸ್ತಕವೊಂದನ್ನ ತೆಗೆಯಲಾಗಿದೆ" ಎಂದರು ಮೇಷ್ಟ್ರು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ವ್ಯವಸ್ಥಾಪಕರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. "ಯಾರಿಂದ ಮೇಷ್ಟ್ರೇ?"

ಮೇಷ್ಟ್ರು ಗೊಂಚಲನ್ನು ನೋಡಿದರು. ಕಂಡಿದ್ದರೆ ಹೇಳಬಹುದಿತ್ತು, ಕಂಡಿರಲಿಲ್ಲ.

"ನೋಡಿ, ನೀವು ಹಿರಿಯರು. ನಿಮ್ಮ ತರಗತಿ ಏಪ್ರಿಲ್ ಮೇಲೂ ಇರಬೇಕಾ ಬೇಡ್ವಾ ಅಂತ ಆಡಳಿತ ಮಂಡಳಿ ಯೋಚನೆ ಮಾಡ್ತಿದೆ. ಇರಲಿ ಅಂತ ನಾನೇ ಹೇಳ್ತಾ ಬಂದಿದ್ದೀನಿ. ಹೋದ ವಾರ ಬಂದು ನಿಮ್ಮ ಪಾಠ ಕೇಳಿಯೂ ಹೋದ್ನಲ್ಲ, ತುಂಬಾ ಹಿಡಿಸ್ತು. ಅಟೆಂಡರ್ ವಿಷಯ ನಿಮಗ್ಯಾಕೆ?"

ಹೋದ ವಾರ ಎಂದದ್ದು ತಪ್ಪು, ಅದರ ಹಿಂದಿನ ವಾರ ಎಂದು ಮೇಷ್ಟ್ರು ಮನಸ್ಸಿನಲ್ಲೇ ತಿದ್ದಿದರು. ತಿದ್ದುವಾಗ ಎದೆಯೊಳಗೆ ಏನೋ ಚುಚ್ಚಿದಂತಾಯಿತು. ಅದೇನೆಂದು ನಿಂತು ನೋಡದೆ ಹೊರಗೆ ಬಂದರು.

ಹದಿನೆಂಟನೆಯ ತಾರೀಖು, ಬುಧವಾರ. ಇನ್ನು ಎರಡೇ ದಿನ ಉಳಿದಿತ್ತು. ಪುಸ್ತಕ ಹೋಯಿತೆಂದು ಬೀಗದಕ್ಕನಿಗೆ ಮುಖ ಕೊಟ್ಟು ಹೇಳಲೇಬೇಕೆಂದು ಮೇಷ್ಟ್ರು ಬೆಳಿಗ್ಗೆ ಹತ್ತಕ್ಕೆ ಆಕೆಯ ಮನೆ ಹುಡುಕಿಕೊಂಡು ಹೋದರು. ಒಂದೇ ಗೋಡೆ ಹಂಚಿಕೊಂಡ ಆರು ಮನೆಗಳ ಸಾಲಿನಲ್ಲಿ ಕೊನೆಯದು. ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಹೊಲಿಗೆ ಯಂತ್ರ, ಗೋಡೆಯ ಮೊಳೆಯಲ್ಲಿ ಏನೂ ತೂಗದ ಒಂದು ಖಾಲಿ ಉಂಗುರ. ಗೊಂಚಲು ತೂಗುತ್ತಿದ್ದ ಜಾಗ.

"ಕೂತ್ಕೊಳ್ಳಿ ಮೇಷ್ಟ್ರೇ."

"ಕೂರೋ ಮುಖ ಇಲ್ಲ ಅಕ್ಕ. ಪುಸ್ತಕ ಕಳವಾಗಿದೆ. ಅವರೇ ಮಾಡ್ಸಿದ್ದು, ಅನುಮಾನವೇ ಇಲ್ಲ. ಹುಡುಗರ ನೋಟ್‌ಬುಕ್ಕನ್ನೂ ಕೆಡಿಸಿಬಿಟ್ಟಿದ್ದಾರೆ..."

ಬೀಗದಕ್ಕ ಒಳಗೆ ಹೋಗಿ, ಹಳೇ ಪೇಪರಿನಲ್ಲಿ ಸುತ್ತಿದ ಒಂದು ವಸ್ತುವನ್ನು ತಂದು ಮಂಚದ ಮೇಲಿಟ್ಟಳು. ಬಿಚ್ಚಿದಳು. ನಲವತ್ತೊಂದು.

"ನಾನೇ ತಗೊಂಡೆ. ಅವತ್ತು ಪಾಠ ಮುಗಿಸಿ ನೀವು ಹೋದ್ಮೇಲೂ ಗೊಂಚಲು ನನ್ನತ್ರಾನೇ ಇತ್ತಲ್ಲ. ನಾಳೆ ಅನ್ನೋಷ್ಟರಲ್ಲಿ ಅದೂ ಮಾಯ ಆಗ್ಬಿಟ್ರೆ ಅಂತ ಭಯ ಆಯ್ತು. ತಪ್ಪಾಯ್ತು."

ಮೇಷ್ಟ್ರ ಮುಖ ಅರಳಿತು. "ತಪ್ಪಲ್ಲ ಅಕ್ಕ, ಭಲೇ ಕೆಲಸ ಮಾಡಿದ್ರಿ! ಮತ್ತೆ ಇದನ್ನ ಮಂಡಳಿಗೆ ಯಾಕೆ ಕೊಟ್ಟಿಲ್ಲ?"

"ನನಗೆ ಇಂಗ್ಲಿಷ್ ಓದೋಕೆ ಬರಲ್ಲ. ಪಕ್ಕದ ಮನೆ ನರ್ಸ್ ಹತ್ರ ಓದಿಸ್ದೆ." ಆಕೆ ಗುರುತಿಗೆ ದಾರ ಇಟ್ಟಿದ್ದ ಪುಟವನ್ನು ತೆರೆದು ಅವರ ಕಡೆಗೆ ತಿರುಗಿಸಿದಳು. "ಓದೋಕೆ ಬರದಿದ್ರೂ ಬಣ್ಣ ಕಾಣುತ್ತಲ್ಲ ಮೇಷ್ಟ್ರೇ. ಪುಸ್ತಕ ಪೂರ್ತಿ ತಿರುವಿ ನೋಡ್ದೆ. ಎಲ್ಲಾ ವಾಕ್ಯದ ಕೆಳಗೂ ಕೆಂಪಿದೆ. ಯಾರೋ ಕಿಟಕಿ ಬಿಟ್ಟು ಹೋದ್ರೂ ಬರೆದಿದ್ದೀರಿ, ಯಾರೋ ಫ್ಯಾನ್ ಆರಿಸದೆ ಹೋದ್ರೂ ಬರೆದಿದ್ದೀರಿ. ನನ್ನ ಪಾಲಿನ ವಾಕ್ಯಕ್ಕೆ ಮಾತ್ರ ಯಾಕಿಲ್ಲ?"

ಮೇಷ್ಟ್ರು ಪುಟ ನೋಡಿದರು. ಮೂರನೆಯ ವಾಕ್ಯ, ಎರಡು ಗಂಟೆ ಹತ್ತು ನಿಮಿಷ, ಅವರದೇ ಕೈ. ಕೆಳಗೆ ಖಾಲಿ ಸಾಲು.

ಆಗ ಆ ಶುಕ್ರವಾರದ ತರಗತಿ ಅವರ ಕಣ್ಣ ಮುಂದೆ ಬಂದು ನಿಂತಿತು. ನಾಲ್ಕು ನಲವತ್ತಕ್ಕೆ ವ್ಯವಸ್ಥಾಪಕರು ಒಳಗೆ ಬಂದು, "ನಡೀಲಿ ನಡೀಲಿ, ಸುಮ್ನೆ ಕೇಳೋಣ ಅಂತ ಬಂದೆ" ಎಂದು ಹಿಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಗೊಂಚಲು ಅವರ ಪಕ್ಕದಲ್ಲಿ ಬೆಂಚಿನ ಮೇಲಿತ್ತು. ಮೂರನೆಯ ವಾಕ್ಯ ಬಂದಾಗ ಕಂಡಕ್ಟರ್ ಎದ್ದು, "ಸಾರ್, ಬೀಗದಕ್ಕ ಕೊಟ್ರು. ಇಸಕೊಂಡೋರು ಯಾರು ಅಂತ ಬರೀಬೇಕಲ್ಲ?" ಎಂದು ಕೇಳಿದ್ದ. ಮೇಷ್ಟ್ರು ಹಿಂದಿನ ಬೆಂಚನ್ನು ನೋಡಿದ್ದರು. ಏಪ್ರಿಲ್ ಮೇಲೆ ತರಗತಿ ಇರುತ್ತದೋ ಇಲ್ಲವೋ ಎಂದು ಆಗಲೇ ಕಿವಿಗೆ ಬಿದ್ದಿದ್ದ ಮಾತು ನೆನಪಾಗಿತ್ತು. "ಈ ಒಂದಕ್ಕೆ ಕೆಂಪು ಬೇಡ. ಗೊತ್ತಿರೋ ಹೆಸರನ್ನ ಬಿಡಬಹುದು ಅಂತ ನಿಯಮವೇ ಇದೆ" ಎಂದು ಮುಂದಿನ ವಾಕ್ಯಕ್ಕೆ ಹೋಗಿದ್ದರು.

ಅಂಥ ನಿಯಮ ವ್ಯಾಕರಣದಲ್ಲಿ ಇರುವುದು ನಿಜ. ಹನ್ನೊಂದು ವರ್ಷದಲ್ಲಿ ಅವರು ಅದನ್ನು ಒಮ್ಮೆಯೂ ಕಲಿಸಿರಲಿಲ್ಲ ಎಂಬುದೂ ಅಷ್ಟೇ ನಿಜ. ಮರೆತಿದ್ದರೇ? ಮರೆತಿರಲಿಲ್ಲ, ಆ ಕಡೆ ತಿರುಗಿ ನೋಡುವುದನ್ನು ಬಿಟ್ಟಿದ್ದರು, ಅಷ್ಟೆ. ಟೈಪಿಸ್ಟನ್ನು ಶಂಕಿಸಿದರು, ಹೆಂಡತಿಯನ್ನು ಶಂಕಿಸಿದರು, ಇಪ್ಪತ್ತಮೂರು ಜನರನ್ನು ಒಟ್ಟಿಗೆ ಶಂಕಿಸಿದರು. ಒಬ್ಬರನ್ನು ಮಾತ್ರ ಬಿಟ್ಟಿದ್ದರು.

"ಅಕ್ಕ," ಎಂದರು ಮೇಷ್ಟ್ರು. "ಇದನ್ನ ಖಾಲಿ ಬಿಟ್ಟಿದ್ದು ನಾನು."

"ಗೊತ್ತಾಯ್ತು. ಅದಕ್ಕೇ ಕೇಳ್ದೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು ಎಂದು ಮೇಷ್ಟ್ರಿಗೆ ಅನಿಸಿತು. "ಈಗ ತುಂಬಿಸಿಬಿಡಿ. ಪೆನ್ನು ಜೇಬಲ್ಲೇ ಇದೆಯಲ್ಲ."

ಮೇಷ್ಟ್ರು ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು, ಹಾಗೆಯೇ ಮುಚ್ಚಿದರು. "ಬೇಡ. ಈಗ ತುಂಬಿದ್ರೆ ಅದು ಆರನೇ ತಾರೀಖಿನ ಬರಹ ಆಗಲ್ಲ, ಸುಳ್ಳಾಗುತ್ತೆ. ಪುಟ ಹೀಗೇ ಇರಲಿ. ಒಂದು ಬಿಳಿ ಹಾಳೆ ಇದ್ರೆ ಕೊಡಿ."

ಹೊಲಿಗೆ ಯಂತ್ರದ ಮುಚ್ಚಳದ ಮೇಲೆ ಹಾಳೆಯಿಟ್ಟು, ಅವರು ಆ ದಿನ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಬರೆಯಲು ಶುರುಮಾಡಿದರು. ಜೀವಮಾನದಲ್ಲಿ ಮೊದಲ ಸಲ, ಇಡೀ ಕಾಗದವನ್ನು ಕೆಂಪು ಶಾಯಿಯಲ್ಲಿ ಬರೆದರು. ಬೀಗದಕ್ಕ ಓದಿ ಹೇಳಿ ಎಂದಳು. ಓದಿದರು. ಆಕೆ ತಲೆಯಾಡಿಸಿದ ಮೇಲೆ ಸಹಿ ಮಾಡಿದರು. ಹತ್ತೊಂಬತ್ತನೆಯ ತಾರೀಖು ಬೆಳಿಗ್ಗೆ ಅದನ್ನು ತಾವೇ ಒಯ್ದು ಕೊಟ್ಟು, ಸ್ವೀಕರಿಸಿದವರ ಸಹಿ ಮತ್ತು ಸಮಯವನ್ನು ಪ್ರತಿಯ ಮೇಲೆ ಪಡೆದರು. ಕಾಗದ ಹೀಗಿತ್ತು:

ಆಡಳಿತ ಮಂಡಳಿಯವರಿಗೆ ಮತ್ತು ವ್ಯವಸ್ಥಾಪಕರಿಗೆ.

ಫೆಬ್ರವರಿ ಆರರಂದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ವ್ಯವಸ್ಥಾಪಕರು ಅಟೆಂಡರ್ ಅವರ ಕೈಯಿಂದ ಬೀಗದ ಕೈಗಳನ್ನು ಪಡೆದರು. ನಾನು ಕಂಡೆ. ಅವರು ಆಕೆಯನ್ನು ಅಂಚೆಗೆ ಕಳುಹಿಸಿ ಮೇಲಿನ ಮಹಡಿಗೆ ಹೋದರು. ಅದನ್ನೂ ಕಂಡೆ. ನಾಲ್ಕು ನಲವತ್ತಕ್ಕೆ ಆ ಕೈಗಳು ನನ್ನ ತರಗತಿಯಲ್ಲಿ ಅವರ ಪಕ್ಕದಲ್ಲಿದ್ದವು. ಇದನ್ನು ನನ್ನೊಡನೆ ಇಪ್ಪತ್ತಮೂರು ಜನ ಕಂಡಿದ್ದಾರೆ. ನಲ್ಲಿಯನ್ನು ತಿರುವಿದ್ದು ಯಾರೆಂದು ನಾನು ಕಂಡಿಲ್ಲ, ಆದ್ದರಿಂದ ಹೇಳುವುದಿಲ್ಲ. ನೀವೂ ಕಂಡಿಲ್ಲ; ಆದರೂ ಹೇಳಿದ್ದೀರಿ. ಕಂಡದ್ದನ್ನು ಅಂದೇ ಬರೆಯದೆ ಬಿಟ್ಟವನು ನಾನು, ನನ್ನ ತರಗತಿ ಹೋದೀತೆಂಬ ಭಯದಿಂದ ಬಿಟ್ಟೆ. ಆ ತರಗತಿಯನ್ನು ನೀವು ಏಪ್ರಿಲ್‌ವರೆಗೆ ಕಾಯದೆ ಇಂದೇ ತೆಗೆದುಕೊಳ್ಳಬಹುದು.

ಆದರೆ ಅಟೆಂಡರ್ ಅವರನ್ನು ಇದೇ ಇಪ್ಪತ್ತನೆಯ ತಾರೀಖಿನೊಳಗೆ ಕೆಲಸಕ್ಕೆ ಮರಳಿ ಕರೆಯಿರಿ. ಅದೇ ಫಲಕದ ಮೇಲೆ, ಅದೇ ಅಳತೆಯ ಅಕ್ಷರದಲ್ಲಿ, ಆಕೆಗೆ ಓದಲು ಬರುವ ಭಾಷೆಯಲ್ಲಿ ಹೊಸ ಸೂಚನೆ ಹಾಕಿರಿ. ಕೈಗಳು ಆ ದಿನ ಯಾರ ವಶದಲ್ಲಿದ್ದವು, ವಿಚಾರಣೆ ನಡೆಸಿದ್ದೇವೆ ಎಂದವರು ಯಾರನ್ನು ವಿಚಾರಿಸಿದರು, ಆಕೆಯನ್ನು ತೆಗೆದವರು ಯಾರು, ಈ ಮೂರಕ್ಕೂ ಅದರಲ್ಲಿ ಉತ್ತರವಿರಲಿ. ಪ್ರತಿಯೊಂದು ಉತ್ತರದ ಕೆಳಗೆ ಅದನ್ನು ಕೊಟ್ಟವರು ತಮ್ಮ ಸ್ವಂತ ಹೆಸರು ಬರೆದು ಸಹಿ ಮಾಡಿರಿ.